ಫಾರಂ ನೀನೇ ತುಂಬು

ಮಗಳೇ, ಎಂ.ಎಸ್. ಓದೋಕೆ ಜರ್ಮನಿಗೆ ಹೋಗ್ತೀಯ ಅಂತ ನಿಮ್ಮಪ್ಪ ಹೇಳಿದ. ಸಂತೋಷ. ಅದರ ಹಿಂದೆಯೇ, ‘ಸೇಲಂನಲ್ಲಿ ಒಬ್ಬ ಏಜೆಂಟ್ ಸಿಕ್ಕಿದ್ದಾನೆ ಅಣ್ಣ, ಎಲ್ಲಾ ಅವನೇ ನೋಡ್ಕೋತಾನೆ, ನಮಗೇನೂ ಕೆಲಸ ಇಲ್ಲ’ ಅಂದ. ಆ ಮಾತಿಗೇ ಈ ಕಾಗದ.

ನಮ್ಮ ಮೊರಪ್ಪೂರಿನ ಕಡೆಯ ಕನ್ನಡ ಮನೆಗಳಿಗೆ ಒಂದು ಹಳೆಯ ಚಾಳಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು. ಓದುಬರಹ ಕಮ್ಮಿಯಿದ್ದ ಹಿರಿಯರು ತಾಲ್ಲೂಕು ಕಚೇರಿಯ ಹೊರಗೆ ಕೂತವನಿಗೆ ನಾಲ್ಕು ಕಾಸು ಕೊಟ್ಟು ಅರ್ಜಿ ಬರೆಸುತ್ತಿದ್ದರು, ಅವನು ಬೆರಳಿಟ್ಟ ಕಡೆ ರುಜು ಹಾಕಿ ಬರುತ್ತಿದ್ದರು. ಅವರಿಗೆ ಬೇರೆ ದಾರಿ ಇರಲಿಲ್ಲ. ನಿನಗೆ ಇದೆ. ಶಾಲೆಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷ್, ಒಲೆಯ ಮುಂದೆ ಕನ್ನಡ ಅಂತ ಬೆಳೆದವಳು ನೀನು. ಪರಭಾಷೆಯ ಕಚೇರಿಗೆ ಹೋಗಿ ಕೆಲಸ ಮಾಡಿಸಿಕೊಂಡು ಬರುವುದು ಬೆಂಗಳೂರಿನ ಹುಡುಗರಿಗಿಂತ ನಿನಗೇ ಚೆನ್ನಾಗಿ ಬರಬೇಕು.

ಬರೆಸುವ ಚಾಳಿಯ ಫಲ ನೋಡಬೇಕಾದರೆ ಇವತ್ತೇ ಬೀರು ತೆಗೆದು ನಿನ್ನ ಕಾಗದಗಳನ್ನು ಚಾಪೆಯ ಮೇಲೆ ಹರಡು. ತಮಿಳಿನಲ್ಲಿ ‘ಬ’ಗೆ ಬೇರೆ ಅಕ್ಷರ ಇಲ್ಲ. ರೇಷನ್ ಕಾರ್ಡ್ ನೋಡಿ ಇಂಗ್ಲಿಷಿಗೆ ಇಳಿಸಿದ ಪುಣ್ಯಾತ್ಮ ಎಲ್ಲೋ ಒಂದು ಕಡೆ ನಿಮ್ಮಪ್ಪನನ್ನು ಬಸವರಾಜುವಿನಿಂದ ಪಸವರಾಜು ಮಾಡಿದ್ದಾನೆ. ಹತ್ತನೇ ಕ್ಲಾಸಿನ ಅಂಕಪಟ್ಟಿಯಲ್ಲಿ ನಿನ್ನ ಹೆಸರಿನ ಮುಂದೆ ಬರೀ ‘ಬಿ’ ಅನ್ನುವ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಮನೆತನದ ಹೆಸರಿನ ಜಾಗ ಖಾಲಿ ಬಿಟ್ಟರೆ ಹೊರದೇಶದ ಕಂಪ್ಯೂಟರುಗಳು ತಕರಾರು ಮಾಡುತ್ತವೆ. ಯುಎಇಯವರು 2022ರ ನವೆಂಬರಿನಲ್ಲಿ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದ ಪ್ರವಾಸಿಗರನ್ನು ಒಳಗೇ ಬಿಡುವುದಿಲ್ಲ ಅಂದಿದ್ದು ನೆನಪಿರಬಹುದು. ಆದ್ದರಿಂದ ಜನನ ಪ್ರಮಾಣಪತ್ರ, ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಎಲ್ಲದರಲ್ಲೂ ನಿನ್ನ ಹೆಸರಿನ, ನಿಮ್ಮಪ್ಪನ ಹೆಸರಿನ ಕಾಗುಣಿತ ಒಂದೇ ಥರ ಆಗುವ ತನಕ ಬೇರೆ ಯಾವ ಕೆಲಸಕ್ಕೂ ಕೈ ಹಾಕಬೇಡ. ಇದಕ್ಕೆ ವಾರಗಳಲ್ಲ, ತಿಂಗಳುಗಳೇ ಹಿಡಿಯಬಹುದು. ಧರ್ಮಪುರಿಗೆ ಬಸ್ಸಿನಲ್ಲಿ ಅಲೆಯಬೇಕು.

ಆಮೇಲೆ ಎಪಿಎಸ್, ಅಂದರೆ ಓದಿನ ದಾಖಲೆಗಳನ್ನು ಪರಿಶೀಲಿಸುವ ಜರ್ಮನಿಯವರ ಕೇಂದ್ರ ಕೊಡುವ ಪ್ರಮಾಣಪತ್ರ. 2022ರ ನವೆಂಬರ್ 1ರಿಂದ ಭಾರತದ ವಿದ್ಯಾರ್ಥಿಗಳು ಜರ್ಮನ್ ವೀಸಾ ಕೇಳುವ ಮುಂಚೆ ಈ ಪ್ರಮಾಣಪತ್ರ ತೆಗೆದುಕೊಳ್ಳಬೇಕು. ನಿನ್ನ ಪದವಿ, ಅಂಕಪಟ್ಟಿ ನಿಜವೇ ಅಂತ ಎಪಿಎಸ್‌ನವರು ಪರಿಶೀಲಿಸುತ್ತಾರೆ. ಇಂಥ ಪರಿಶೀಲನೆ ಹುಟ್ಟಿಕೊಳ್ಳುವುದೇ ಸುಳ್ಳು ಕಾಗದ ಕೊಡುವವರು ಇರುವುದರಿಂದ. ಏಜೆಂಟ್ ನಿನ್ನ ಎಸ್‌ಒಪಿಯನ್ನೂ, ಅಂದರೆ ಯಾಕೆ ಓದಬೇಕು ಅಂತ ವಿವರಿಸುವ ಪತ್ರವನ್ನೂ, ತಾನೇ ಬರೆದುಕೊಡ್ತೀನಿ ಅಂದರೆ ಕೈಮುಗಿದು ಬೇಡ ಅನ್ನು. ಇದೇ ಕೋರ್ಸು ಯಾಕೆ ಅಂತ ವೀಸಾದವರು ಕೇಳಿದಾಗ ಬಾಯಿಬಿಡಬೇಕಾದವಳು ನೀನು. ನಮ್ಮ ವಿಳಾಸ ತಮಿಳುನಾಡಿನದು, ಹಾಗಾಗಿ ವೀಸಾಕ್ಕೆ ನಾವು ಚೆನ್ನೈನ ಜರ್ಮನ್ ಕಾನ್ಸುಲೇಟಿನ ವ್ಯಾಪ್ತಿಗೆ ಸೇರಿದವರು. ಬೆಂಗಳೂರಲ್ಲಿ ಚಿಕ್ಕಮ್ಮ ಇದ್ದಾಳೆ ಅನ್ನುವುದು ಲೆಕ್ಕಕ್ಕೆ ಬರದು. ರಾತ್ರಿ ಏರ್ಕಾಡ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿನ ಜಾವ ಚೆನ್ನೈ. ನಿಮ್ಮಪ್ಪ ಜೊತೆಗೆ ಬರಲಿ, ಆದರೆ ಒಳಗೆ ಮಾತಾಡುವವಳು ನೀನಾಗಿರು.

ದುಡ್ಡಿನ ವಿಷಯ ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸಿಲ್ಲ ಅನ್ನುವ ಮಾತು ಬಹುಮಟ್ಟಿಗೆ ನಿಜ, ಪೂರ್ತಿ ನಿಜವಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ಫೀಸಿಲ್ಲದಿದ್ದರೂ ಒಂದು ವರ್ಷದ ಜೀವನಕ್ಕೆ ಬೇಕಾದ ಹಣವನ್ನು ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತ 11,904 ಯೂರೋ ಆಯಿತು. ಯೂರೋಗೆ ನೂರು ರೂಪಾಯಿ ಹಿಡಿದರೆ ಹನ್ನೆರಡು ಲಕ್ಷದ ಹತ್ತಿರ. ಅದು ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ನಿನ್ನ ಕೈಗೇ ವಾಪಸ್ ಬರುತ್ತದೆ.

‘ಹೊಲ ಇದೆಯಲ್ಲ, ಬ್ಯಾಂಕಲ್ಲಿ ಇಡೋಣ’ ಅಂತಾನೆ ನಿಮ್ಮಪ್ಪ. ಶಿಕ್ಷಣ ಸಾಲ 7.5 ಲಕ್ಷ ದಾಟಿದರೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ, ಸರಿ. ಆದರೆ ಹೊಲ ಒಪ್ಪುವುದು ಅಪರೂಪ. ಸಾಲ ತೀರದಿದ್ದಾಗ ಕೋರ್ಟಿಗೆ ಹೋಗದೆಯೇ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಅದಕ್ಕೇ ಅವರು ಮನೆ, ಸೈಟು, ಠೇವಣಿ ಕೇಳುವುದು. ಪಟ್ಟಾ ಹಿಡಿದುಕೊಂಡು ಬ್ಯಾಂಕಿಂದ ಬ್ಯಾಂಕಿಗೆ ಅಲೆದು ಸುಸ್ತಾದ ಅಪ್ಪಂದಿರು ಕೊನೆಗೆ ಬಡ್ಡಿಯವನ ಮನೆ ಮೆಟ್ಟಿಲು ಹತ್ತುತ್ತಾರೆ. ಕಂದುವಟ್ಟಿ, ಅಂದರೆ ವಿಪರೀತ ಬಡ್ಡಿ, ತಡೆಯಲು ತಮಿಳುನಾಡು 2003ರಲ್ಲೇ ಕಾನೂನು ಮಾಡಿದೆ, ಬಡ್ಡಿಯವನೂ ಹಾಗೇ ಇದ್ದಾನೆ. ಬ್ಯಾಂಕ್ ಸಾಲ ಸಿಗದಿದ್ದರೆ ಒಂದು ವರ್ಷ ಬೆಂಗಳೂರಲ್ಲೋ ಹೊಸೂರಲ್ಲೋ ಕೆಲಸ ಮಾಡಿ ಹೋಗು. ತಡವಾಯಿತು ಅಂತ ಯಾರೂ ನಿನ್ನನ್ನು ಹೊರಗೆ ನಿಲ್ಲಿಸುವುದಿಲ್ಲ.

ಅಲ್ಲಿ ಪಾರ್ಟ್‌ಟೈಮ್ ದುಡಿದು ಸಾಲ ತೀರಿಸ್ತೀನಿ ಅನ್ನುವ ಲೆಕ್ಕವನ್ನಂತೂ ಹಾಕಲೇಬೇಡ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನದ ಮಿತಿಯಲ್ಲಿ ಕೆಲಸ ಮಾಡಬಹುದು. ಅದರಲ್ಲಿ ಊಟದ ಖರ್ಚು ಹೊರಟರೆ ದೊಡ್ಡದು.

ಹೆಣ್ಣುಮಗಳು ಒಬ್ಬಳೇ ಅಷ್ಟು ದೂರವಾ ಅಂತ ಯಾರಾದರೂ ರಾಗ ಎಳೆದರೆ ನಂಜನಗೂಡಿನ ರಾಜೇಶ್ವರಿ ಚಟರ್ಜಿಯವರ ಹೆಸರು ಹೇಳು. 1947ರಲ್ಲಿ, ಯುದ್ಧಕ್ಕೆ ಸೈನಿಕರನ್ನು ಸಾಗಿಸುತ್ತಿದ್ದ ಹಡಗು ಹತ್ತಿ ಅಮೆರಿಕದ ಮಿಷಿಗನ್ನಿಗೆ ಓದಲು ಹೋದವರು. ಡಾಕ್ಟರೇಟ್ ಮುಗಿಸಿ 1953ರಲ್ಲಿ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಪಾಠ ಮಾಡಿದರು. ವಿಡಿಯೋ ಕಾಲ್ ಇರಲಿಲ್ಲ, ಪಾಪ.

ಕೋರ್ಸು ಇಂಗ್ಲಿಷಿನಲ್ಲಿದ್ದರೂ ಹೊರಡುವ ಮುಂಚೆ ಒಂದಿಷ್ಟು ಜರ್ಮನ್ ಕಲಿ. ಮನೆ ಸಿಕ್ಕ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸುವುದು ಅಲ್ಲಿನ ಕಾನೂನು. ಆ ಕೌಂಟರಿನಲ್ಲಿ ಇಂಗ್ಲಿಷ್ ನಡೆದೇ ನಡೆಯುತ್ತದೆ ಅಂತ ನಂಬಬೇಡ.

ಇನ್ನು ಪೆಟ್ಟಿಗೆ. ರಾಗಿ ಹಿಟ್ಟು, ಹುಣಸೆಹಣ್ಣು, ಸಾರಿನ ಪುಡಿ ಧಾರಾಳವಾಗಿ ಹೋಗುತ್ತವೆ. ಮಾಂಸ, ಹಾಲಿನ ಪದಾರ್ಥಗಳನ್ನು ಹೊರಗಿನಿಂದ ತರುವಂತಿಲ್ಲ ಅನ್ನುತ್ತದೆ ಯುರೋಪ್ ಒಕ್ಕೂಟದ ನಿಯಮ, ಅಂದರೆ ತುಪ್ಪವೂ ಇಲ್ಲ. ಸಸ್ಯ ಆರೋಗ್ಯದ ಪ್ರಮಾಣಪತ್ರವಿಲ್ಲದೆ ನಮ್ಮ ಮಾವಿನಹಣ್ಣೂ ಇಲ್ಲ, ಹಸಿ ಕರಿಬೇವೂ ಇಲ್ಲ. ನಿಮ್ಮವ್ವ ಆಗಲೇ ಬೆಣ್ಣೆ ಕೂಡಿಡೋಕೆ ಶುರು ಮಾಡಿದ್ದಾಳಂತೆ. ಈ ನಿಯಮ ಅವಳಿಗೆ ನೀನೇ ಹೇಳವ್ವ, ನಾನು ಹೇಳಿದರೆ ಭಾವನವರಿಗೆ ತಮಾಷೆ ಅಂತಾಳೆ.