ಕಪಿಲೆಗೆ ಇಳಿದ ಯಂತ್ರಮಾನವ

ಮಕ್ಕಳೇ, ಯಂತ್ರಮಾನವನ ಚಿತ್ರವನ್ನು ನೀವೂ ಒಮ್ಮೆ ಬರೆದಿರುತ್ತೀರಿ. ಡಬ್ಬದಂಥ ಹೊಟ್ಟೆ, ಚೌಕ ತಲೆ, ಅದರ ಮೇಲೆ ಎರಡು ಆಂಟೆನಾ. ಅಲ್ಲವೇ? ತಿ. ನರಸೀಪುರ ತಾಲ್ಲೂಕಿನ ಒಂದು ಶಾಲೆಯಲ್ಲಿ ವೈಜ್ಞಾನಿಕ ಕಥೆಗೆ ಭಿತ್ತಿಪತ್ರ ಬರೆಸುತ್ತಿದ್ದೆ. ಎಲ್ಲರೂ ಇಂಥದ್ದನ್ನೇ ಬರೆದಿದ್ದರು. ಹೊಳೆದಂಡೆಯ ಬೀದಿಯಿಂದ ಬರುವ ಒಬ್ಬ ಹುಡುಗಿ ಕೇಳಿದಳು: “ಸಾರ್, ನಮ್ಮ ಬೀದಿಗೆ ಹೊಳೆ ನೀರು ಬಂದರೆ ಇದು ಏನು ಮಾಡುತ್ತೆ?”

ನನಗೆ ಉತ್ತರ ಹೊಳೆಯಲಿಲ್ಲ. ಆ ಡಬ್ಬ ಮುಳುಗಿಹೋಗುತ್ತಿತ್ತು! ಅವಳ ಪ್ರಶ್ನೆಯೇ ನಮ್ಮ ಇಂದಿನ ಪಾಠ.

ಕೇರಳದ ವಯನಾಡಿನಲ್ಲಿ ಜೋರು ಮಳೆಯಾದರೆ ಕಪಿಲೆ, ಅಂದರೆ ಕಬಿನಿ ನದಿ, ತುಂಬಿ ಬರುತ್ತದೆ. 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಅದು ನಂಜನಗೂಡಿನಲ್ಲಿ ದಡ ಮೀರಿ ಹರಿಯಿತು. ಅದೇ ನೀರು ಮುಂದೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ನಮ್ಮ ಭಿತ್ತಿಪತ್ರದ ವಿಷಯ ಹೀಗಿರಲಿ: ‘2075ರ ಪ್ರವಾಹದಲ್ಲಿ ಜನರನ್ನು ಕಾಪಾಡುವ ಯಂತ್ರಮಾನವ’.

ಮೊದಲು ಕೆಲಸ, ಆಮೇಲೆ ರೂಪ

‘ರೋಬಾಟ್’ ಎಂಬ ಪದವನ್ನು ಜಗತ್ತಿಗೆ ಕೊಟ್ಟದ್ದು ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕ. ಬಲವಂತದ ದುಡಿಮೆ ಎಂಬ ಅರ್ಥದ ಚೆಕ್ ಪದದಿಂದ ಅದು ಬಂದಿದೆ. ಆದ್ದರಿಂದ ಪೆನ್ಸಿಲ್ ಹಿಡಿಯುವ ಮೊದಲು ಕೇಳಿಕೊಳ್ಳಿ: ಇದರ ದುಡಿಮೆ ಏನು?

ನಮ್ಮದು ತೇಲಬೇಕು. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎಂಬ ಆರ್ಕಿಮಿಡೀಸ್ ತತ್ವ ನಿಮಗೆ ಗೊತ್ತು. ಒಂದು ಲೀಟರ್ ನೀರಿನ ತೂಕ ಸುಮಾರು 1 ಕಿ.ಗ್ರಾಂ. ಯಂತ್ರದ್ದು 60 ಕಿ.ಗ್ರಾಂ, ಅದು ಹೊತ್ತ ಮಗುವಿನದು 30 ಕಿ.ಗ್ರಾಂ ಎಂದರೆ ಒಟ್ಟು 90 ಲೀಟರ್ ನೀರು ಸರಿಯಬೇಕು. 15 ಲೀಟರ್ ಹಿಡಿಯುವ, ಬಾಯಿ ಮುಚ್ಚಿದ 6 ಖಾಲಿ ಕೊಡಗಳನ್ನು ಕಟ್ಟಿದರೆ ಅವು ಪೂರ್ತಿ ಮುಳುಗಿ ಅಂಚಿನಲ್ಲಿ ನಿಲ್ಲುತ್ತವೆ. ಆದ್ದರಿಂದ 8 ಇರಲಿ. ಅವನ್ನು ಹರಿಗೋಲಿನಂತೆ ಅಗಲವಾಗಿ ಸುತ್ತ ಜೋಡಿಸಿ. ಅಗಲ ತಳ ಸುಲಭವಾಗಿ ಮಗುಚುವುದಿಲ್ಲ.

ಕಣ್ಣು ಹೇಗಿರಬೇಕು? ಬಗ್ಗಡ ನೀರಿನಲ್ಲಿ ಬೆಳಕು ದೂರ ಹೋಗದು, ಕ್ಯಾಮೆರಾಕ್ಕೆ ಏನೂ ಕಾಣದು. ಕತ್ತಲಲ್ಲಿ ಬಾವಲಿ ಶಬ್ದ ಹೊರಡಿಸಿ, ಅದರ ಪ್ರತಿಧ್ವನಿಯಿಂದ ದಾರಿ ತಿಳಿಯುತ್ತದೆ. ಹಡಗುಗಳೂ ಶಬ್ದದಿಂದಲೇ ಸಮುದ್ರದ ಆಳ ಅಳೆಯುತ್ತವೆ. ನಮ್ಮ ಪಾತ್ರಕ್ಕೂ ಬಾವಲಿಯಂಥ ದೊಡ್ಡ ಕಿವಿಗಳಿರಲಿ. ನೋಡಿದಿರಾ? ಈಗ ನಿಮ್ಮ ಯಂತ್ರಮಾನವ ಟೀವಿಯಲ್ಲಿ ಬರುವ ಯಾವ ರೋಬಾಟನ್ನೂ ಹೋಲುವುದಿಲ್ಲ!

ಯಾವುದನ್ನು ಎಲ್ಲಿಡಬೇಕು?

ಹಾಳೆಯನ್ನು ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು ಭಾಗವಾಗಿ ಮಡಚಿ ಬಿಡಿಸಿ. ಮಡಿಕೆಗಳು ನಾಲ್ಕು ಕಡೆ ಕೂಡುತ್ತವೆ. ಮುಖ್ಯ ಪಾತ್ರವನ್ನು ನಟ್ಟನಡುವೆ ನಿಲ್ಲಿಸದೆ ಈ ಕೂಡುವ ಜಾಗಗಳಲ್ಲಿ ಒಂದರಲ್ಲಿಡಿ. ಅದು ನೋಡುವ ದಿಕ್ಕಿನಲ್ಲಿ ಜಾಗ ಬಿಡಿ. ಅಲ್ಲಿ ಸಹಾಯಕ್ಕೆ ಕೈಚಾಚಿದ ಮಗುವನ್ನು ಬರೆಯಿರಿ. ನೋಡುವವರ ಕಣ್ಣು ತಾನಾಗಿ ಅತ್ತ ಹೋಗುತ್ತದೆ.

ಪ್ರವಾಹ ಎಂದು ತೋರಿಸುವುದು ಹೇಗೆ? ನೀಲಿ ಬಳಿದರೆ ಸಾಲದು. ನಂಜನಗೂಡಿನ ಸ್ನಾನಘಟ್ಟದ ಬಳಿಯ ಹದಿನಾರು ಕಾಲು ಮಂಟಪದ ಕಂಬಗಳನ್ನು ಅರ್ಧ ಮುಳುಗಿಸಿ ಬರೆಯಿರಿ. ಒಂದು ಅಕ್ಷರ ಬರೆಯದೆಯೂ ಊರಿನವರಿಗೆಲ್ಲ ಅರ್ಥವಾಗುತ್ತದೆ.

ಹಿಂದೆ ಶ್ರೀಕಂಠೇಶ್ವರ ದೇವಾಲಯದ ಗೋಪುರವಿರಲಿ. ಅದರ ಎತ್ತರ ಸುಮಾರು 120 ಅಡಿ. ಹಾಳೆಯಲ್ಲಿ ಅದು 24 ಸೆಂ.ಮೀ. ಆದರೆ, ಅದರ ಬುಡದಲ್ಲಿ ನಿಂತ 5 ಅಡಿಯ ಮನುಷ್ಯ 1 ಸೆಂ.ಮೀ. ಮಾತ್ರ! ಮುಖ್ಯ ಪಾತ್ರ ದೊಡ್ಡದಾಗಿ ಕಾಣಬೇಕಾದರೆ ಅದನ್ನು ಹತ್ತಿರಕ್ಕೆ ತಂದು, ಗೋಪುರವನ್ನು ದೂರಕ್ಕೆ ಸರಿಸಿ. ಎರಡರಷ್ಟು ದೂರದ ವಸ್ತು ಅರ್ಧದಷ್ಟು ಎತ್ತರ ಕಾಣುತ್ತದೆ. ದೂರದ ಬೆಟ್ಟ ಮಸುಕಾಗಿ, ನೀಲಿಯಾಗಿ ಕಾಣಲು ನಡುವಿನ ಗಾಳಿ ಬೆಳಕನ್ನು ಚದುರಿಸುವುದೇ ಕಾರಣ. ಆದ್ದರಿಂದ ಗೋಪುರಕ್ಕೆ ತೆಳು ಬಣ್ಣ, ಯಂತ್ರಮಾನವನಿಗೆ ಜೀವರಕ್ಷಕ ಜಾಕೆಟ್ಟಿನಂಥ ಗಾಢ ಕಿತ್ತಳೆ ಬಣ್ಣ ಕೊಡಿ.

ಎಷ್ಟು ಕಲ್ಪನೆ, ಎಷ್ಟು ವಿಜ್ಞಾನ?

ತಾನೇ ಯೋಚಿಸಿ ನೀರಿಗಿಳಿಯುವ ಯಂತ್ರಮಾನವ ನಮ್ಮ ಕಲ್ಪನೆ. ಆದರೆ ನೀರು 2075ರಲ್ಲೂ ನೀರೇ. ಅದು ನಿಮ್ಮ ಚಿತ್ರಕ್ಕಾಗಿ ತನ್ನ ನಿಯಮ ಬದಲಿಸುವುದಿಲ್ಲ. ಒಂದು ಸಂಗತಿಯನ್ನು ಕಲ್ಪಿಸಿ, ಉಳಿದುದನ್ನೆಲ್ಲ ವಿಜ್ಞಾನದಂತೆ ನಡೆಸಿ. ಆಗ ನೋಡಿದವರು ‘ಹೀಗೂ ಆಗಬಹುದು’ ಎನ್ನುತ್ತಾರೆ.

ಮಾಡಿ ನೋಡಿ

1. ನಿಮ್ಮ ಪಾತ್ರದ ಹೊರರೇಖೆ ಬರೆದು ಒಳಗೆಲ್ಲ ಕಪ್ಪು ತುಂಬಿ. ಬರೀ ನೆರಳಿನಿಂದಲೇ ಗೆಳೆಯರು ಅದರ ಕೆಲಸ ಊಹಿಸಬಲ್ಲರೇ?
2. ನಿಮ್ಮ ಯಂತ್ರಮಾನವ 75 ಕಿ.ಗ್ರಾಂ ಇದ್ದು, 30 ಕಿ.ಗ್ರಾಂ ಮಗುವನ್ನು ಹೊತ್ತರೆ ತೇಲಲು ಕನಿಷ್ಠ ಎಷ್ಟು ಕೊಡ ಬೇಕು?
3. ಇದೇ ಪಾತ್ರವನ್ನು ತಲಕಾಡಿನ ಮರಳಿನಲ್ಲಿ ಓಡಾಡಿಸಬೇಕು. ಪಾದ ಹೇಗಿರಬೇಕು? ಒಂಟೆಯ ಪಾದವನ್ನು ನೆನೆಯಿರಿ.

ಎಚ್ಚರಿಕೆ: ಹೊಳೆ ತುಂಬಿದಾಗ ಚಿತ್ರ ಬರೆಯಲೆಂದು ದಡಕ್ಕೆ ಹೋಗಬೇಡಿ. ಹೋದ ವರ್ಷಗಳ ಫೋಟೋ ನೋಡಿ, ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಅವರು ಗೋಡೆ ಮುಟ್ಟಿ ತೋರಿಸುತ್ತಾರೆ. ನಿಮ್ಮ ಚಿತ್ರದ ನೀರಿನ ಮಟ್ಟ ಅದೇ ಆಗಿರಲಿ.