ಇನ್ನೆರಡು ವರ್ಷ, ಫಾದರ್!
(ಗಲ್ಫ್ ನಾಡಿನ ಮನೆಗಳಲ್ಲಿ ಬೆಳೆಯುವ ಮಕ್ಕಳನ್ನು ಕುರಿತು ಒಂದು ಚಿಂತನೆ)



ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಗಲ್ಫ್ ನಾಡಿನ ನಂಟಿಲ್ಲದ ಮನೆಯನ್ನು ಹುಡುಕುವುದು ಕಷ್ಟ. ಮಗನೋ, ಮಗಳೋ, ಅಳಿಯನೋ, ದುಬೈ, ಅಬುಧಾಬಿ, ಕುವೈತ್, ಬಹ್ರೇನ್, ದೋಹಾ, ಮಸ್ಕತ್‌ಗಳಲ್ಲಿ ಎಲ್ಲಿಯಾದರೂ ಒಂದು ಕಡೆ ಇದ್ದೇ ಇರುತ್ತಾರೆ. ರಜೆಗೆಂದು ಬಂದವರನ್ನು ಮಾತನಾಡಿಸಿ ನೋಡಿ. ಹೋಗಿ ಎಷ್ಟು ಕಾಲವಾಯಿತೆಂದು ಕೇಳಿದರೆ ಒಬ್ಬರು ಎಂಟು ವರ್ಷ ಎನ್ನುತ್ತಾರೆ, ಇನ್ನೊಬ್ಬರು ಹದಿನೆಂಟು ಎನ್ನುತ್ತಾರೆ. ಯಾವಾಗ ಊರಿಗೆ ಹಿಂದಿರುಗುತ್ತೀರಿ ಎಂದು ಕೇಳಿದರೆ ಮಾತ್ರ ಎಲ್ಲರದೂ ಒಂದೇ ಉತ್ತರ: "ಇನ್ನೆರಡು ವರ್ಷ, ಫಾದರ್!"

ಹೀಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಬ್ಯಾಂಕಿನ ಸಾಲ ತೀರಬೇಕು, ಕಟ್ಟುತ್ತಿರುವ ಮನೆಗೆ ಮೇಲ್ಛಾವಣಿ ಬೀಳಬೇಕು, ತಂಗಿಯ ಮದುವೆಯಾಗಬೇಕು. ಆದರೆ ಈ ಮಾತಿನ ನೆರಳಿನಲ್ಲಿ ಪುಟ್ಟ ಮಕ್ಕಳು ಬೆಳೆಯುತ್ತಿದ್ದಾರೆ. ನಾಲ್ವತ್ತು ವರ್ಷದ ತಂದೆಗೆ ಎರಡು ವರ್ಷವೆಂದರೆ ಆಯುಷ್ಯದ ಇಪ್ಪತ್ತರಲ್ಲಿ ಒಂದು ಪಾಲು. ನಾಲ್ಕು ವರ್ಷದ ಮಗುವಿಗೆ ಅದು ಅರ್ಧ ಆಯುಷ್ಯ! ತಂದೆ ತಾಯಿ ಕಾಯುತ್ತಾ ಕಳೆಯುವ ಕಾಲವೇ ಮಗುವಿನ ಬಾಲ್ಯ. ಅದು ಮತ್ತೊಮ್ಮೆ ಬರುವುದಿಲ್ಲ. ಈ ವಾರ ಇದನ್ನು ಕುರಿತು ಯೋಚಿಸೋಣ.

ಕಾಗದದ ಮೇಲಿನ ಅವಧಿ

ಮೊದಲು ಅಲ್ಲಿಯ ಪರಿಸ್ಥಿತಿಯನ್ನು ಅರಿತುಕೊಳ್ಳೋಣ. ಸಂಯುಕ್ತ ಅರಬ್ ಸಂಸ್ಥಾನವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಖಾಸಗಿ ಕಂಪನಿಯಲ್ಲಿ ದುಡಿಯುವವರಿಗೆ ವಾಸದ ವೀಸಾ ಸಿಗುವುದು ಸಾಮಾನ್ಯವಾಗಿ 2 ವರ್ಷಕ್ಕೆ. ಆಮೇಲೆ ನವೀಕರಿಸಬೇಕು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ತಿಂಗಳಿಗೆ ಕನಿಷ್ಠ 4,000 ದಿರ್ಹಮ್ ಸಂಬಳವಿರಬೇಕು, ಇಲ್ಲವೇ 3,000 ದಿರ್ಹಮ್ ಸಂಬಳದ ಜೊತೆಗೆ ವಸತಿ ಇರಬೇಕು. ಅಲ್ಲಿ ಮಗು ಹುಟ್ಟಿದರೆ 120 ದಿನಗಳೊಳಗೆ ಅದರ ಹೆಸರಿನಲ್ಲಿ ವೀಸಾ ಆಗಬೇಕು. ಅಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವುದಿಲ್ಲ. ಅವಿವಾಹಿತ ಮಗನನ್ನು ತಂದೆ ತನ್ನ ಆಶ್ರಯದಲ್ಲಿ ಇಟ್ಟುಕೊಳ್ಳಬಹುದಾದದ್ದು 25 ವರ್ಷದವರೆಗೆ. ಈಚಿನ ವರ್ಷಗಳಲ್ಲಿ ಕೆಲವರಿಗೆ 10 ವರ್ಷದ 'ಗೋಲ್ಡನ್ ವೀಸಾ' ಸಿಗುತ್ತಿದೆ. ಸಾಮಾನ್ಯ ನೌಕರನಿಗೆ ಅದು ದೂರದ ಮಾತು.

ನಮ್ಮ ದೇಶದ ಕಾನೂನನ್ನೂ ತಂದೆ ತಾಯಿಗಳು ನೆನಪಿಡಬೇಕು. 2004ರ ಡಿಸೆಂಬರ್ 3ರಿಂದೀಚೆಗೆ ಹೊರದೇಶದಲ್ಲಿ ಹುಟ್ಟಿದ ಮಗು ಭಾರತದ ಪೌರತ್ವ ಪಡೆಯಬೇಕಾದರೆ ಅದರ ಜನನವನ್ನು 1 ವರ್ಷದೊಳಗೆ ಅಲ್ಲಿಯ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ತಡವಾದರೆ ಕೇಂದ್ರ ಸರಕಾರದ ಅನುಮತಿ ಬೇಕಾಗುತ್ತದೆ.

ಹೀಗೆ ಗಲ್ಫಿನ ಮನೆ ತಂದೆಯ ಅಥವಾ ತಾಯಿಯ ನೌಕರಿಯೆಂಬ ಒಂದೇ ಕಂಬದ ಮೇಲೆ ನಿಂತಿರುತ್ತದೆ. ಆ ಕಂಬ ಅಲುಗಿದರೆ ಶಾಲೆ, ಫ್ಲ್ಯಾಟು, ಗೆಳೆತನ ಎಲ್ಲವೂ ಅಲುಗುತ್ತವೆ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ ಸುಮಾರು 1,70,000 ಭಾರತೀಯರು ಕೈಗೆ ಸಿಕ್ಕಿದ್ದನ್ನು ಹಿಡಿದು ವಿಮಾನಗಳಲ್ಲಿ ತಾಯ್ನಾಡಿಗೆ ಮರಳಬೇಕಾಯಿತು. 2020ರಲ್ಲಿ ಕೊರೋನಾ ಬಂದಾಗಲೂ ಕೆಲಸ ಕಳೆದುಕೊಂಡ ಎಷ್ಟೋ ಕುಟುಂಬಗಳು ದಿಢೀರನೆ ಗಂಟುಮೂಟೆ ಕಟ್ಟಿದವು. ಹಿಂದಿರುಗುವ ದಿನವನ್ನು ನಾವು ಎಣಿಸುತ್ತೇವೆ, ಆದರೆ ಅದು ನಮ್ಮ ಎಣಿಕೆಯಂತೆ ಬರುವುದು ಅಪರೂಪ.

ಇಬ್ಬರು ಪ್ರವಾದಿಗಳು

'ಇನ್ನೆರಡು ವರ್ಷ' ಎಂಬ ಮಾತು ಪವಿತ್ರ ಗ್ರಂಥದಲ್ಲಿಯೂ ಇದೆ ಎಂದರೆ ನಿಮಗೆ ಆಶ್ಚರ್ಯವಾದೀತು. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನು ಜೆರುಸಲೇಮಿನಿಂದ ರಾಜನನ್ನೂ ಕುಶಲಕರ್ಮಿಗಳನ್ನೂ ಸೆರೆಯೊಯ್ದನು. ಆಗ ಹನನ್ಯ ಎಂಬ ಪ್ರವಾದಿ ಎದ್ದು ನಿಂತು, ಎರಡು ವರ್ಷದೊಳಗೆ ಎಲ್ಲರೂ ಹಿಂದಿರುಗುತ್ತಾರೆ ಎಂದು ಜನರ ಮುಂದೆ ಸಾರಿದನು. ಕೇಳುವವರ ಕಿವಿಗೆ ಇದಕ್ಕಿಂತ ಇಂಪಾದ ಮಾತು ಯಾವುದಿದ್ದೀತು? ಆದರೆ ಅದು ದೇವರ ಮಾತಾಗಿರಲಿಲ್ಲ. ಯೆರೆಮೀಯನ ಗ್ರಂಥದ 28ನೆಯ ಅಧ್ಯಾಯದಲ್ಲಿ ಇದನ್ನು ಓದಬಹುದು.

ಮುಂದಿನ ಅಧ್ಯಾಯದಲ್ಲಿ ಯೆರೆಮೀಯನು ಬಾಬಿಲೋನಿನಲ್ಲಿದ್ದವರಿಗೆ ಒಂದು ಪತ್ರ ಬರೆಯುತ್ತಾನೆ. ಹಿಂದಿರುಗುವುದು ನಿಜ, ಆದರೆ ಎಪ್ಪತ್ತು ವರ್ಷಗಳ ನಂತರ. ಅಲ್ಲಿಯವರೆಗೆ ಏನು ಮಾಡಬೇಕು? ಮನೆ ಕಟ್ಟಿ ವಾಸಿಸಬೇಕು, ತೋಟ ಮಾಡಿ ಅದರ ಫಲ ತಿನ್ನಬೇಕು, ಮಕ್ಕಳನ್ನು ಹೆತ್ತು ಬೆಳೆಸಿ ಮದುವೆ ಮಾಡಿಸಬೇಕು, ತಾವಿರುವ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸಬೇಕು. ಇದು ಆ ಪತ್ರದ ತಾತ್ಪರ್ಯ.

ಊರನ್ನು ಮರೆತುಬಿಡಿ ಎಂದು ಯೆರೆಮೀಯನು ಬರೆಯಲಿಲ್ಲ. ಊರಿನ ಆಸೆಯನ್ನೇ ನೆಪ ಮಾಡಿಕೊಂಡು ಇಂದಿನ ದಿನವನ್ನು ಬಾಳದೆ ಬಿಡಬೇಡಿ ಎಂಬುದು ಅವನ ಉಪದೇಶ. ನಮ್ಮ ಜನರು ಸೆರೆಯಾಳುಗಳಲ್ಲ, ತಮ್ಮ ಇಷ್ಟದಿಂದ ದುಡಿಯಲು ಹೋದವರು. ಆದರೂ ಈ ಉಪದೇಶ ಅವರಿಗೆ ಚೆನ್ನಾಗಿ ಒಪ್ಪುತ್ತದೆ.

ಬಾಳದೆ ಬಿಡುವುದೆಂದರೇನು? ಸೋಫಾ, ಮೇಜು ಎಲ್ಲವನ್ನೂ ಊರಿನ ಹೊಸ ಮನೆಗೆ ಖರೀದಿಸಿ, ಇಲ್ಲಿ ಮಗು ಕುಳಿತು ಬರೆಯಲು ಒಂದು ಮೂಲೆಯನ್ನೂ ಮಾಡದಿರುವುದು. ಗೋಡೆಗೆ ಪವಿತ್ರ ಕುಟುಂಬದ ಚಿತ್ರ ಹಾಕಲು 'ಬಾಡಿಗೆ ಮನೆ ತಾನೇ' ಎಂದು ಹಿಂಜರಿಯುವುದು. ಮಗುವಿನ ಜೊತೆ ಆಡಲು, ಓದಲು, ಕುಳಿತು ಮಾತನಾಡಲು 'ಊರಿಗೆ ಹೋದ ಮೇಲೆ' ಎಂದು ವಾಯಿದೆ ಹೇಳುವುದು.

ಮಗುವಿಗೆ ಅದೇ ಊರು

ಅಲ್ಲಿಯ ಮಗುವಿನ ದಿನವನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಬೆಳಕು ಹರಿಯುವ ಹೊತ್ತಿಗೆ ಶಾಲೆಯ ಬಸ್ಸು. ಮಧ್ಯಾಹ್ನ ಮರಳಿದರೆ ಫ್ಲ್ಯಾಟಿನ ನಾಲ್ಕು ಗೋಡೆ. ಬೇಸಗೆಯಲ್ಲಿ ಹೊರಗೆ 40 ಡಿಗ್ರಿಗೂ ಮೀರಿದ ಬಿಸಿಲು, ಆದ್ದರಿಂದ ಆಟವೇನಿದ್ದರೂ ಸೂರ್ಯ ಮುಳುಗಿದ ಮೇಲೆ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಜೊತೆಗೆ ಅರಬ್ಬೀ ಕಲಿಯಬೇಕು. ಗೆಳೆಯರಲ್ಲಿ ಒಬ್ಬ ಕೇರಳದವನು, ಒಬ್ಬಳು ಫಿಲಿಪೀನ್ಸಿನವಳು, ಮತ್ತೊಬ್ಬ ಪಾಕಿಸ್ತಾನದವನು. ಮಗುವಿಗೆ ಇದರಲ್ಲಿ ಪರದೇಶವೆಂಬುದು ಯಾವುದೂ ಇಲ್ಲ. ಲಿಫ್ಟಿನ ಗುಂಡಿ, ಕೆಳಗಿನ ಗ್ರೋಸರಿ ಅಂಗಡಿ, ಮಸೀದಿಯ ಬಾಂಗ್, ಸಂಜೆಯ ಪಾರ್ಕು, ಇದೇ ಅದರ ಊರು. 'ನಿನ್ನ ಊರು ಇದಲ್ಲ' ಎಂದು ದಿನವೂ ಹೇಳಿದರೆ ಮಗು ಇಲ್ಲಿಯೂ ಇಲ್ಲದ, ಅಲ್ಲಿಯೂ ಇಲ್ಲದ ಸ್ಥಿತಿಗೆ ಬರುತ್ತದೆ.

ಅಲ್ಲಿಯ ಬಾಲ್ಯಕ್ಕೆ ಇನ್ನೊಂದು ವಿಶೇಷ ದುಃಖವಿದೆ. ಗೆಳೆಯರು ಹೊರಟುಹೋಗುತ್ತಾರೆ. ಪ್ರತಿ ವರ್ಷ ಯಾರಾದರೊಬ್ಬರ ತಂದೆ 'ಕ್ಯಾನ್ಸಲ್ ಮಾಡಿ' ಊರಿಗೆ ಮರಳುತ್ತಾನೆ, ಮಗುವಿನ ಪಕ್ಕದ ಬೆಂಚು ಬರಿದಾಗುತ್ತದೆ. ದೊಡ್ಡವರು ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕಬಾರದು. ಹೊರಡುವ ಗೆಳೆಯನನ್ನು ಒಂದು ದಿನ ಮನೆಗೆ ಊಟಕ್ಕೆ ಕರೆಯಿರಿ. ಇಬ್ಬರನ್ನೂ ಕೂರಿಸಿ ಒಂದು ಫೋಟೋ ತೆಗೆಯಿರಿ. ಅಳು ಬಂದರೆ ಅಳಲು ಬಿಡಿ. ಅಗಲುವಾಗ ಅಳಲು ಕಲಿತ ಮಗು ಪ್ರೀತಿಸಲು ಹೆದರುವುದಿಲ್ಲ.

ಉಳಿಯುವಂಥದು ಯಾವುದು?

ಎಲ್ಲವನ್ನೂ ಒಂದು ದಿನ ಬಿಟ್ಟು ಬರುವುದೇ ಆದರೆ ಮಗು ತನ್ನೊಡನೆ ತರುವುದೇನು? ಸಂತ ಥಾಮಸ್ ಅಕ್ವಿನಾಸರು ಸದ್ಗುಣವನ್ನು ಒಂದು ಅಭ್ಯಾಸವೆಂದು ವಿವರಿಸುತ್ತಾರೆ. ಒಂದೇ ಒಳ್ಳೆಯ ಕೆಲಸವನ್ನು ಮತ್ತೆ ಮತ್ತೆ ಮಾಡುವುದರಿಂದ ಅದು ಮನುಷ್ಯನ ಸ್ವಭಾವದಲ್ಲಿ ಬೇರೂರುತ್ತದೆ. ಅಭ್ಯಾಸಕ್ಕೆ ವೀಸಾ ಬೇಕಿಲ್ಲ, ಸಾಮಾನಿನ ತೂಕದ ಮಿತಿಯೂ ಇಲ್ಲ.

ಆದುದರಿಂದ ದಿನಕ್ಕೆ ಒಂದು ಊಟವನ್ನಾದರೂ ಎಲ್ಲರೂ ಒಟ್ಟಿಗೆ ಮಾಡಿ. ಇಬ್ಬರೂ ದುಡಿಯುವ ಮನೆಯಲ್ಲಿ ಇದು ಸುಲಭವಲ್ಲ ಎಂದು ಬಲ್ಲೆ. ಆದರೂ ಆ ಅರ್ಧ ಗಂಟೆ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಮನೆಯ ಮಾತು ಕೊಂಕಣಿಯಾಗಲಿ, ತುಳುವಾಗಲಿ, ಕನ್ನಡವಾಗಲಿ, ಮನೆಯೊಳಗೆ ಅದನ್ನೇ ಆಡಿ. ಶಾಲೆ ಅದನ್ನು ಕಲಿಸುವುದಿಲ್ಲ. ಕನ್ನಡ ಓದು ಬರಹ ಕಲಿಸಲು ದುಬೈಯಲ್ಲಿ ಸ್ವಯಂಸೇವಕರು ಪಾಠಶಾಲೆ ನಡೆಸುತ್ತಿದ್ದಾರೆ, ಅದನ್ನು ಬಳಸಿಕೊಳ್ಳಿ. ಅಜ್ಜಿಯೊಡನೆ ಮಾತನಾಡಲು ಭಾಷೆಯೇ ಇಲ್ಲದ ಮೊಮ್ಮಗುವಿಗೆ ವಿಡಿಯೋ ಕರೆಯಲ್ಲಿ 'ಹಲೋ' ಎಂದ ಮೇಲೆ ಹೇಳಲು ಏನು ಉಳಿಯುತ್ತದೆ? ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಅಲ್ಲಿ ಸಂಜೆ ಆರೂವರೆಗೆ ಕುಟುಂಬ ಪ್ರಾರ್ಥನೆ ಇಟ್ಟುಕೊಂಡರೆ ಇಲ್ಲಿ ಎಂಟು ಗಂಟೆ, ಅಜ್ಜ ಅಜ್ಜಿ ಜಪಸರ ಹಿಡಿಯುವ ಹೊತ್ತು. ವಾರಕ್ಕೊಮ್ಮೆಯಾದರೂ ಎರಡೂ ಮನೆಗಳು ಒಟ್ಟಿಗೆ ಜಪಸರ ಮಾಡಬಹುದಲ್ಲವೇ?

ದೇವಾಲಯವೂ ಅಲ್ಲಿ ದೊಡ್ಡ ಆಸರೆ. ದುಬೈಯ ಸಂತ ಮರಿಯಮ್ಮನವರ ದೇವಾಲಯ 1967ರಲ್ಲಿ ಅಲ್ಲಿಯ ಅರಸರು ನೀಡಿದ ಭೂಮಿಯಲ್ಲಿ ಎದ್ದುನಿಂತಿತು. ವಾರದ ರಜೆ ಶುಕ್ರವಾರ ಇದ್ದ ಕಾರಣ ಜನ ಬಲಿಪೂಜೆಗೂ ಧರ್ಮೋಪದೇಶಕ್ಕೂ ಶುಕ್ರವಾರವೇ ಸೇರುತ್ತಿದ್ದರು. 2022ರ ಜನವರಿಯಿಂದ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ರಜೆ ಶನಿವಾರ, ಭಾನುವಾರಕ್ಕೆ ಬದಲಾಗಿದೆ. ಕುವೈತ್, ಕತಾರ್ ಮುಂತಾದೆಡೆ ಈಗಲೂ ಶುಕ್ರವಾರವೇ. ಹತ್ತಾರು ದೇಶಗಳ ಜನರ ನಡುವೆ ನಿಂತು ಪರಮಪ್ರಸಾದ ಸ್ವೀಕರಿಸುವ ಮಗು ಧರ್ಮಸಭೆ ಎಷ್ಟು ವಿಶಾಲವೆಂಬುದನ್ನು ಪುಸ್ತಕವಿಲ್ಲದೆ ಕಲಿಯುತ್ತದೆ.

ಮೇಜಿನ ಬಳಿ ಇನ್ನೊಂದು ಕುರ್ಚಿ

4,000 ದಿರ್ಹಮಿನ ಲೆಕ್ಕವನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿ. ಅದಕ್ಕಿಂತ ಕಡಿಮೆ ದುಡಿಯುವವರು ಅಲ್ಲಿ ಲಕ್ಷಗಟ್ಟಲೆ ಇದ್ದಾರೆ. ಕಟ್ಟಡ ಕಟ್ಟುವವರು, ಶುಚಿ ಮಾಡುವವರು, ವಾಹನ ಓಡಿಸುವವರು, ಮನೆಗೆಲಸದವರು. ಅವರಿಗೂ ಮಕ್ಕಳಿದ್ದಾರೆ, ಆದರೆ ಫೋನಿನ ಪರದೆಯಲ್ಲಿ ಮಾತ್ರ. ಮಕ್ಕಳನ್ನು ಹತ್ತಿರವಿಟ್ಟುಕೊಂಡ ಕುಟುಂಬ ಅಲ್ಲಿ ಭಾಗ್ಯಶಾಲಿ. ಆ ಭಾಗ್ಯಕ್ಕೆ ಒಂದು ಹೊಣೆಯೂ ಇದೆ. ಕ್ರಿಸ್ಮಸ್ಸಿಗೆ, ಪಾಸ್ಖ ಹಬ್ಬಕ್ಕೆ, ಮಗುವಿನ ಹುಟ್ಟುಹಬ್ಬಕ್ಕೆ ಒಬ್ಬಂಟಿಯಾಗಿರುವ ಒಬ್ಬ ಊರವನನ್ನು ಮನೆಗೆ ಕರೆಯಿರಿ. ನಿಮ್ಮ ಮಗುವಿಗೆ ಒಬ್ಬ ಮಾವ ಸಿಗುತ್ತಾನೆ. ಅವನಿಗೆ ಒಂದು ಸಂಜೆ ಮಗುವನ್ನು ಎತ್ತಿ ಆಡಿಸುವ ಸುಖ ಸಿಗುತ್ತದೆ. ಪಟ್ಟಣದ ಒಳಿತನ್ನು ಬಯಸುವುದೆಂದರೆ ಇದೂ ಸೇರಿದೆ.

ಊರಿನಲ್ಲಿರುವವರಿಗೆ ಒಂದು ಮಾತು

ಅಜ್ಜ ಅಜ್ಜಿಯರೇ, ಚಿಕ್ಕಪ್ಪ ಅತ್ತೆಯರೇ, ನಿಮಗೂ ಒಂದು ಮಾತು. ಗಲ್ಫಿನ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಜುಲೈ, ಆಗಸ್ಟ್ ತಿಂಗಳಲ್ಲಿ. ನಮ್ಮಲ್ಲಿ ಅದು ಆಟಿಯ ಮಳೆಗಾಲ. ಮಾವು, ಹಲಸು ಮುಗಿದಿರುತ್ತವೆ. ಓರಗೆಯ ಮಕ್ಕಳು ಕೊಡೆ ಹಿಡಿದು ಶಾಲೆಗೆ ಹೋಗಿರುತ್ತಾರೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದ ತೆನೆ ಮನೆಗೆ ಬರುವ ಮೊದಲೇ ಮಗು ವಿಮಾನ ಹತ್ತಿರುತ್ತದೆ. ಇರುವ ಕೆಲವೇ ವಾರಗಳಲ್ಲಿ 'ಕೊಂಕಣಿ ಸರಿಯಾಗಿ ಬರುವುದಿಲ್ಲವೇ?', 'ಮಳೆಗೆ ಹೆದರುತ್ತೀಯಾ?' ಎಂದು ನಗಬೇಡಿ. ನೀವು ನಕ್ಕರೆ ಮಗು ಬಾಯಿ ಮುಚ್ಚುತ್ತದೆ. ಅದನ್ನು ಅಡುಗೆಮನೆಗೆ, ಗದ್ದೆಗೆ, ಹಿರಿಯರ ಸಮಾಧಿಗೆ ಕೈಹಿಡಿದು ಕರೆದೊಯ್ಯಿರಿ, ಹೆಸರುಗಳನ್ನು ಹೇಳಿಕೊಡಿ. ಮಕ್ಕಳು ತಂದ ಖರ್ಜೂರ, ಚಾಕಲೇಟನ್ನು ಎಣಿಸುವ ಬದಲು ಮಕ್ಕಳು ಬಂದದ್ದಕ್ಕೆ ಸಂತೋಷಪಡಿ.

ಈಜಿಪ್ಟಿನಿಂದ ನಜರೇತಿಗೆ

1952ರ ಆಗಸ್ಟ್ 1ರಂದು ವಿಶ್ವಗುರು ಹನ್ನೆರಡನೇ ಪಿಯುಸರು ವಲಸಿಗರ ಪಾಲನೆಯನ್ನು ಕುರಿತು 'ಎಕ್ಸುಲ್ ಫಮಿಲಿಯಾ' ಎಂಬ ಶಾಸನಪತ್ರವನ್ನು ಹೊರಡಿಸಿದರು. ಈಜಿಪ್ಟಿಗೆ ವಲಸೆ ಹೋದ ಪವಿತ್ರ ಕುಟುಂಬವೇ ಎಲ್ಲ ವಲಸಿಗ ಕುಟುಂಬಗಳಿಗೂ ಮಾದರಿ ಎಂದು ಅವರು ಅಲ್ಲಿ ಬೋಧಿಸಿದರು. ಬಾಲಯೇಸುವೂ ಪರದೇಶದಲ್ಲಿ ಬೆಳೆದ ಮಗು. ಈಜಿಪ್ಟಿನ ಆ ದಿನಗಳ ಬಗ್ಗೆ ಸಂತ ಮತ್ತಾಯರು ಏನನ್ನೂ ವಿವರಿಸುವುದಿಲ್ಲ. ಆದರೆ ಆ ದಿನಗಳಲ್ಲೂ ತಾಯಿ ಉಣಬಡಿಸಿರಬೇಕು, ಜೋಸೆಫರು ದುಡಿದಿರಬೇಕು, ಮಗು ಆಡಿರಬೇಕು. ಅವರು ಯಾವ ದಿನಾಂಕವನ್ನೂ ಹಿಡಿದು ಕುಳಿತಿರಲಿಲ್ಲ. ದೇವರ ಕರೆ ಬಂದಾಗ ಹೊರಟರು. ಹೆರೋದನ ಮಗ ಆಳುತ್ತಿದ್ದ ಜುದೇಯಕ್ಕೆ ಹೋಗಲು ಅಂಜಿ, ಬೆತ್ಲೆಹೇಮಿಗೆ ಮರಳದೆ ಗಲಿಲೇಯದ ನಜರೇತಿನಲ್ಲಿ ನೆಲೆಸಿದರು.

ಹಿಂದಿರುಗುವವರು ಇದನ್ನು ನೆನಪಿಡಬೇಕು. ನೀವು ಬಿಟ್ಟುಹೋದ ಊರು ನೀವು ಬರುವಾಗ ಹಾಗೆಯೇ ಇರುವುದಿಲ್ಲ. ಅಪ್ಪ ಅಮ್ಮ ಮುದುಕರಾಗಿರುತ್ತಾರೆ, ನೆರೆಮನೆ ಮುಚ್ಚಿರುತ್ತದೆ, ಗದ್ದೆಯಲ್ಲಿ ಕಟ್ಟಡ ಎದ್ದಿರುತ್ತದೆ. ಬಾಡಿಗೆಯ ಫ್ಲ್ಯಾಟಿನಲ್ಲಿ ಒಟ್ಟಿಗೆ ಉಂಡು, ಆಡಿ, ಪ್ರಾರ್ಥಿಸಿದ ಕುಟುಂಬಕ್ಕೆ ಯಾವ ಊರಾದರೂ ನಜರೇತಾಗುತ್ತದೆ. ಇದನ್ನು ಮುಂದೂಡಿದವರಿಗೆ ಊರಿನ ದೊಡ್ಡ ಮನೆಯಲ್ಲಿಯೂ ಪರಸ್ಪರ ಪರಿಚಯವನ್ನು ಹೊಸದಾಗಿ ಮಾಡಿಕೊಳ್ಳಬೇಕಾಗುತ್ತದೆ.

ಮನೆಯಲ್ಲಿ ಕೂಡಿ ಮಾತನಾಡಲು

1. 'ಊರಿಗೆ ಹೋದ ಮೇಲೆ' ಎಂದು ನಾವು ಮುಂದೂಡಿರುವ ಯಾವ ಒಂದು ಕೆಲಸವನ್ನು ಈ ವಾರವೇ ಮಕ್ಕಳೊಡನೆ ಮಾಡಬಹುದು?

2. ನಮ್ಮ ಮಗುವಿನ ಮೂವರು ಗೆಳೆಯರ ಹೆಸರು ನಮಗೆ ಗೊತ್ತೇ? ಅವರಲ್ಲಿ ಯಾರಾದರೂ ನಮ್ಮ ಮನೆಯಲ್ಲಿ ಉಂಡಿದ್ದಾರೆಯೇ?

3. ಕುಟುಂಬವನ್ನು ಕರೆಸಿಕೊಳ್ಳಲಾಗದ ಯಾವ ಊರವರು ನಮ್ಮ ಹತ್ತಿರದಲ್ಲಿದ್ದಾರೆ?

4. ಊರಿನಲ್ಲಿರುವ ನಾವು, ರಜೆಗೆ ಬರುವ ಮಗುವಿಗೆ ಈ ಸಲ ಏನನ್ನು ಕಲಿಸಿ ಕಳುಹಿಸೋಣ?