ಕಲ್ಲಹಳ್ಳಿಯ ಪ್ರಭು ಮಂಗರಸ: ಒಂದು ಸಣ್ಣ ಪ್ರಭುಮನೆತನದ ವಿದ್ಯಾಜೀವನ

ಮಧ್ಯಕಾಲೀನ ಕನ್ನಡ ಸಾಹಿತ್ಯವನ್ನು ರಾಜಾಸ್ಥಾನ, ಮಠ ಹಾಗೂ ಬಸದಿಗಳ ಆಶ್ರಯದ ನೆಲೆಯಲ್ಲಿ ವಿವೇಚಿಸುವುದು ವಾಡಿಕೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಈ ಕ್ರಮವನ್ನು ಪುನರ್ವಿಮರ್ಶೆಗೆ ಒಳಪಡಿಸುತ್ತದೆ. ಚೆಂಗಾಳ್ವರ ಅಧೀನದಲ್ಲಿ ಈ ಊರನ್ನಾಳಿದ ಜೈನ ಪ್ರಭು ಮೂರನೆಯ ಮಂಗರಸ ಸ್ವತಃ ಕವಿ. ಈತನ ‘ಸಮ್ಯಕ್ತ್ವಕೌಮುದಿ’ಯ ರಚನಾಕಾಲ ಕ್ರಿ.ಶ. 1508. ‘ಜಯನೃಪಕಾವ್ಯ’ಕ್ಕೆ ಪರಿವರ್ಧಿನಿ ಷಟ್ಪದಿಯನ್ನೂ ‘ನೇಮಿಜಿನೇಶಸಂಗತಿ’ಗೆ ಸಾಂಗತ್ಯವನ್ನೂ ‘ಸೂಪಶಾಸ್ತ್ರ’ಕ್ಕೆ ವಾರ್ಧಕ ಷಟ್ಪದಿಯನ್ನೂ ಈತ ಆರಿಸಿಕೊಂಡಿದ್ದಾನೆ. ಕೊನೆಯ ಕೃತಿಯಲ್ಲಿ ಹಿಟ್ಟಿನ ಭಕ್ಷ್ಯ, ಪಾನಕ, ಬದನೆ, ಹಲಸುಗಳ ಪಾಕವೇ ಪದ್ಯವಸ್ತು. ತೀರ್ಥಂಕರಚರಿತೆಗೂ ಪಾಕವಿದ್ಯೆಗೂ ಒಬ್ಬನೇ ಕವಿ ತೊಡಗಿರುವುದು ಗಮನಾರ್ಹ. ಇಲ್ಲಿ ಆಶ್ರಯದಾತ, ಆಶ್ರಿತ ಎಂಬ ಭೇದವಿಲ್ಲ, ಆಳುವವನೇ ಬರೆಯುವವನು. ಆದುದರಿಂದ ಮಂಗರಸನನ್ನು ಜೈನಕವಿಗಳ ಸಾಲಿನಲ್ಲಿ ಮಾತ್ರವಲ್ಲದೆ, ಸಣ್ಣ ಪ್ರಭುಮನೆತನಗಳ ವಿದ್ಯಾಜೀವನದ ಸಾಕ್ಷಿಯಾಗಿಯೂ ಅಧ್ಯಯನ ಮಾಡುವುದು ಅಗತ್ಯ.